ಚಾವಣಿಯಿಲ್ಲದ ಕಾರಿನ ಹೊಸ್ತಿಲು

ತೆರೆದ ಕಾರಿನ ಪಕ್ಕಕ್ಕೆ ಪೆಟ್ಟು ಬಿದ್ದಾಗ ಮಾಲೀಕನ ಕಣ್ಣು ಮೊದಲು ಹೋಗುವುದು ಬಣ್ಣದತ್ತ. ಹೋಗಬೇಕಾದದ್ದು ಬಾಗಿಲ ಕೆಳಗಿನ ಹೊಸ್ತಿಲಿನತ್ತ. ಬ್ರಿಟನ್ನಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಜೋಡಣೆಯಾದ ಎಂಜಿಬಿ ರೋಡ್‌ಸ್ಟರ್ ಇದಕ್ಕೆ ನಿದರ್ಶನ. ಅದಕ್ಕೆ ಪ್ರತ್ಯೇಕ ಚಾಸಿಯಿಲ್ಲ. ಮೇಲೆ ಚಾವಣಿಯ ಆಸರೆಯೂ ಇಲ್ಲ. ಹಿಂದು-ಮುಂದಿನ ಭಾಗಗಳನ್ನು ಹಿಡಿದಿಟ್ಟಿರುವುದು ಮುಖ್ಯವಾಗಿ ಎರಡೂ ಬದಿಯ ಪೆಟ್ಟಿಗೆಯಾಕಾರದ ಹೊಸ್ತಿಲುಗಳೇ.

ಹೊರತಗಡು ನೆಗ್ಗಿದರೆ ಬಡಿದು ಸರಿಪಡಿಸಬಹುದು. ಒಳತಗಡನ್ನು ತುಕ್ಕು ತಿಂದಿದ್ದರೆ ಕತ್ತರಿಸಿ ಹೊಸದನ್ನು ಬೆಸೆಯದೆ ವಿಧಿಯಿಲ್ಲ. ಕತ್ತರಿಸುವ ಮುನ್ನ ಬಾಗಿಲ ಕಂಡಿಗೆ ಅಡ್ಡಲಾಗಿ ಉಕ್ಕಿನ ಸರಳು ಬಿಗಿಯಬೇಕು. ಈ ಎಚ್ಚರ ತಪ್ಪಿದರೆ ಕಾರು ನಡುವೆ ಕುಸಿದು, ಬಾಗಿಲಿನ ಸಂದು ಮೇಲ್ಭಾಗದಲ್ಲಿ ಕಿರಿದಾಗುತ್ತದೆ. ಹಾಗೆಯೇ ಬೆಸೆದುಬಿಟ್ಟರೆ ಬಾಗಿಲು ನೆಟ್ಟಗೆ ಮುಚ್ಚದು.

ಹೊಸ ತಗಡಿಗೇನೂ ಬರವಿಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು 1988ರಲ್ಲಿ ಈ ಕಾರಿನ ಇಡೀ ಕವಚವನ್ನೇ ಮತ್ತೆ ತಯಾರಿಸತೊಡಗಿತು. ಬರವಿರುವುದು ತಾಳ್ಮೆಗೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ಮಾರುವವನಿಗೆ ಸುಲಭ (ಕೊಳ್ಳುವವನೂ ಹೊಳಪನ್ನೇ ನೋಡುತ್ತಾನೆನ್ನಿ). ಆದರೆ ಪಕ್ಕದಿಂದ ಇನ್ನೊಂದು ವಾಹನ ಗುದ್ದಿದಾಗ ನಡುವೆ ಇರುವುದು ತೆಳುವಾದ ಬಾಗಿಲು ಮತ್ತು ಈ ಹೊಸ್ತಿಲು ಮಾತ್ರ. ಕೊಳ್ಳುವ ಮುನ್ನ ಅಲ್ಲೊಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿ; ದಪ್ಪ ಪುಟ್ಟಿಯಿದ್ದೆಡೆ ಅದು ಅಂಟದು.