ಫೈಬರ್ ಮೈಯ ಕಾರಿಗೆ ಚಕ್ಕೆ ಎದ್ದಾಗ

(ಸಂಘದ ಕಾರ್ಯದರ್ಶಿಗಳಿಂದ)

ತಗಡಿನ ಕಾರಿಗೆ ಎಲ್ಲಿಯಾದರೂ ಬಣ್ಣ ಹಾರಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ತುಕ್ಕು ಕಾಣಿಸಿಕೊಂಡು ಮಾಲೀಕನನ್ನು ಎಚ್ಚರಿಸುತ್ತದೆ. ಫೈಬರ್ ಗ್ಲಾಸಿನ ಮೈಯುಳ್ಳ ಕಾರು ಹಾಗಲ್ಲ. ತುಕ್ಕಿಲ್ಲದ ಕಾರಣ ಅದು ದೂರು ಹೇಳುವುದೂ ಇಲ್ಲ. "ಫೈಬರ್ ತಾನೆ, ಏನಾಗುತ್ತದೆ ಬಿಡಿ" ಎಂದು ಮಾಲೀಕರೂ ವರ್ಷಗಟ್ಟಲೆ ಹಾಗೆಯೇ ಬಿಡುತ್ತಾರೆ. ಕೊನೆಗೊಂದು ದಿನ ಪೇಟೆಯ ಗ್ಯಾರೇಜಿಗೆ ಬಿಟ್ಟಾಗ ತಗಡಿಗೆ ಮಾಡುವ ಚಿಕಿತ್ಸೆಯನ್ನೇ ಇದಕ್ಕೂ ಮಾಡಿ, ಚಕ್ಕೆಯಿಂದ ಆದದ್ದಕ್ಕಿಂತ ಹೆಚ್ಚಿನ ಹಾನಿ ಮಾಡಿ ಕೊಡುವುದುಂಟು. ನಮ್ಮ ಸದಸ್ಯರಲ್ಲಿ ಇಂಥ ಕಾರು ಇಟ್ಟುಕೊಂಡವರು ಬೆರಳೆಣಿಕೆಯಷ್ಟೇ; ಆದರೆ ಜೀಪಿಗೆ ಫೈಬರ್ ಟಾಪು ಹಾಕಿಸಿಕೊಂಡವರು ಬಹಳ ಮಂದಿ. ಅವರಿಗೂ ಅನ್ವಯಿಸುವ ವಿಷಯವಾದ್ದರಿಂದ ಈ ಸಲ ಗೊಬ್ಬರ, ಸಾಲ, ವಸೂಲಿಗಳ ಮಾತನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ಫೈಬರ್ ಮೈಯ ಕಾರು ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಬೆಂಗಳೂರಿನಲ್ಲಿ ತಯಾರಾದ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಪುಟ್ಟ ಕಾರಿನ ಅಚ್ಚಿನಲ್ಲಿ ಸಿಪಾನಿಯವರು 1982ರಲ್ಲಿ ಇದನ್ನು ಹೊರತಂದರು. 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನು, ಎರಡೇ ಬಾಗಿಲು, ಹಗುರವಾದ ಮೈ. ಓಟದ ಪಂದ್ಯಗಳ ಹುಚ್ಚಿದ್ದವರಿಗೆ ಅದರ ಹಗುರತನ ಬಹಳ ಹಿಡಿಸಿತ್ತು. 1983ರ ಕೊನೆಯಲ್ಲಿ ಮಾರುತಿ ಬಂದ ಮೇಲೆ ಸಾಮಾನ್ಯ ಗಿರಾಕಿ ಆ ಕಡೆ ಹೋದ. ಡಾಲ್ಫಿನ್ ತಯಾರಿಕೆ ನಿಂತುಹೋಯಿತು. ಇಂಥ ಮೈಯನ್ನು ಕೀಳೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಹೆಸರಾಂತ ಕಾರ್ವೆಟ್ ಕಾರು 1953ರಲ್ಲಿ ಮೊದಲು ಬಂದದ್ದೇ ಫೈಬರ್ ಮೈಯಲ್ಲಿ. ಆ ವರ್ಷ ತಯಾರಾದದ್ದು 300 ಕಾರುಗಳು, ಎಲ್ಲವೂ ಬಿಳಿ. ಅಲ್ಲಿ ಆ ಕಾರುಗಳಿಗೆ ಬಿಡಿಭಾಗ ಮಾಡಿಕೊಡುವವರಿದ್ದಾರೆ. ನಮ್ಮಲ್ಲಿ ಡಾಲ್ಫಿನ್ನಿನ ಬಾನೆಟ್ಟು ಒಡೆದರೆ ಇನ್ನೊಂದನ್ನು ತರಲು ಅಂಗಡಿಯಿಲ್ಲ. ಇರುವ ಮೈಯನ್ನೇ ಉಳಿಸಿಕೊಳ್ಳಬೇಕು.

ಈ ಮೈ ಹೇಗೆ ತಯಾರಾಗುತ್ತದೆಂಬುದನ್ನು ತಿಳಿದರೆ ರಿಪೇರಿಯ ಅರ್ಧ ಕೆಲಸ ಮುಗಿದಂತೆ. ಅಚ್ಚಿನೊಳಗೆ ಮೊದಲು ಜೆಲ್‌ಕೋಟ್ ಎಂಬ ನುಣುಪಾದ ರಾಳದ ಪದರವನ್ನು ಬಳಿಯುತ್ತಾರೆ. ಅದರ ಮೇಲೆ ಗಾಜಿನ ಎಳೆಗಳ ಚಾಪೆಯನ್ನು ಹಾಸಿ, ಪಾಲಿಯೆಸ್ಟರ್ ರಾಳ ಸುರಿದು, ರೋಲರಿನಿಂದ ಒತ್ತಿ ಗಾಳಿ ಹೊರಡಿಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಜೆಲ್‌ಕೋಟ್ ಹೊರಮೈಯಾಗುತ್ತದೆ. ಅದರ ಮೇಲೆ ಪ್ರೈಮರ್, ಬಣ್ಣ. ಅಂದರೆ ಹೊರಗಿನಿಂದ ಒಳಕ್ಕೆ ಬಣ್ಣ, ಪ್ರೈಮರ್, ಜೆಲ್‌ಕೋಟ್, ಎಳೆ ಎಂಬ ನಾಲ್ಕು ಪದರಗಳು. ಚಕ್ಕೆ ಯಾವ ಪದರದವರೆಗೆ ಹೋಗಿದೆ ಎಂಬುದರ ಮೇಲೆ ಚಿಕಿತ್ಸೆ. ಕಾಯಿಕೊರಕ ನೋಡಲು ತಾವು ಇಟ್ಟುಕೊಂಡಿರುವ ಭೂತಗನ್ನಡಿಯೇ ಇದಕ್ಕೂ ಸಾಕು.

ಬಣ್ಣವೊಂದೇ ಹೋಗಿದ್ದರೆ ಅಂದಗೇಡು ಮಾತ್ರ. ಜೆಲ್‌ಕೋಟ್ ಒಡೆದು ಎಳೆ ಕಂಡಿತೆಂದರೆ ನಿಜವಾದ ತೊಂದರೆ ಪ್ರಾರಂಭ. ದೀಪದ ಬತ್ತಿ ಎಣ್ಣೆ ಹೀರುವಂತೆ ಗಾಜಿನ ಎಳೆಯ ಗುಂಟ ನೀರು ಒಳಕ್ಕೆ ಹರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಲು ಬಿಡದ ನಮ್ಮ ಹವೆಯಲ್ಲಿ ಆ ತೇವ ಅಲ್ಲೇ ಕೂರುತ್ತದೆ. ಮುಂದೆ ಮೇಲೆ ಬಣ್ಣ ಬಳಿದು ಬಿಸಿಲಿಗೆ ನಿಲ್ಲಿಸಿದಾಗ ಒಳಗಿನ ತೇವ ಉಬ್ಬಿ ಬೊಬ್ಬೆ ಏಳುತ್ತದೆ. ಬಣ್ಣ ಸರಿಯಿಲ್ಲವೆಂದು ಪೈಂಟರನ್ನು ಬೈಯುವುದು ಆಮೇಲಿನ ಮಾತು.

ಸದಸ್ಯರೊಬ್ಬರ ಮನೆಯಲ್ಲಿ ತಂದೆಯವರು ಕೊಂಡಿದ್ದ ಡಾಲ್ಫಿನ್ ಇದೆ. ತಂದೆ ತೀರಿಕೊಂಡ ಮೇಲೆ ಮಗ ಅದನ್ನು ಚೊಕ್ಕ ಮಾಡಿಸಬೇಕೆಂದು ಬಾನೆಟ್ಟಿನ ಮೇಲಿದ್ದ ಏಳೆಂಟು ಚಕ್ಕೆಗಳಿಗಾಗಿ ಒಂದು ಗ್ಯಾರೇಜಿಗೆ ಕಳುಹಿಸಿದರು. ಅಲ್ಲಿ ತಗಡಿಗೆ ಹಚ್ಚುವ ಪೈಂಟ್ ರಿಮೂವರನ್ನು ಬಾನೆಟ್ಟಿಗೆಲ್ಲ ಬಳಿದು ರಾತ್ರಿ ಬಿಟ್ಟು ಹೋದರು. ಬೆಳಿಗ್ಗೆ ನೋಡಿದರೆ ಬಣ್ಣದ ಜೊತೆಗೆ ಜೆಲ್‌ಕೋಟೂ ನೆನೆದ ಅವಲಕ್ಕಿಯಂತೆ ಮೆತ್ತಗಾಗಿತ್ತು. ಕೆರೆದಲ್ಲೆಲ್ಲ ಎಳೆ ಎದ್ದು ಬಂತು. ಆ ಕೆಲಸಗಾರ ದುಷ್ಟನಲ್ಲ, ತಗಡಿನ ಮೇಲೆ ಇಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿದ. ಆ ಬಾನೆಟ್ಟು ಮತ್ತೆ ಮೊದಲಿನಂತಾಗಲಿಲ್ಲ. ಆದುದರಿಂದ ಕಾರನ್ನು ಯಾರ ಕೈಗೇ ಕೊಡಿ, ನಾಲ್ಕು ಮಾತನ್ನು ಎದುರಿಗೇ ನಿಂತು ಹೇಳಿ: ರಿಮೂವರ್ ಮುಟ್ಟಿಸಕೂಡದು, ಹೀಟ್ ಗನ್ನು ಹಿಡಿಯಕೂಡದು, ಬಿಸಿ ಬೂತಿನಲ್ಲಿ ಬೇಯಿಸಕೂಡದು, ಗ್ರೈಂಡರಿನ ಚಕ್ರ ತಾಗಿಸಕೂಡದು.

ಸಣ್ಣ ಚಕ್ಕೆಗಳನ್ನು ಮನೆಯಲ್ಲೇ ಸರಿಮಾಡಬಹುದು. ಬೇಕಾದದ್ದು ಕೈಚಳಕಕ್ಕಿಂತ ತಾಳ್ಮೆ. ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಎಳೆ ಕಾಣುತ್ತಿದ್ದರೆ ಒರೆಸಿದ್ದು ಸಾಲದು, ಎರಡು ಮೂರು ದಿನ ಒಳ್ಳೆಯ ಬಿಸಿಲಿಗೆ ನಿಲ್ಲಿಸಬೇಕು. ಹಿಂದೆ ಹಚ್ಚಿದ ಪಾಲಿಷಿನ ಮೇಣ, ಸಿಲಿಕೋನುಗಳನ್ನು ಉಜ್ಜುವುದಕ್ಕೆ ಮುಂಚೆಯೇ ತೆಗೆಯಬೇಕು. ಪೈಂಟಿನಂಗಡಿಯಲ್ಲಿ ಇದಕ್ಕೆಂದೇ ದ್ರವ ಸಿಗುತ್ತದೆ. ಸಿಲಿಕೋನ್ ಉಳಿದರೆ ಹೊಸ ಬಣ್ಣ ಅಲ್ಲಿ ಕೂರದೆ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ಆಮೇಲೆ ಚಕ್ಕೆಯ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ. ಸಡಿಲವಾದದ್ದೆಲ್ಲ ಹೋಗಲಿ. ಕಾಫಿ ಗಿಡದ ಗಾಯವನ್ನು ಗಟ್ಟಿ ಮರ ಸಿಗುವವರೆಗೆ ಕೆತ್ತಿ ಆಮೇಲಲ್ಲವೆ ಬೋರ್ಡೋ ಪೇಸ್ಟು ಹಚ್ಚುವುದು? ಇಲ್ಲಿಯೂ ಹಾಗೆಯೇ. 400, ಅನಂತರ 600 ನಂಬರಿನ ವಾಟರ್ ಪೇಪರನ್ನು ಸಣ್ಣ ರಬ್ಬರ್ ತುಂಡಿಗೆ ಸುತ್ತಿ, ಅಂಚು ಮೆಟ್ಟಿಲಿನಂತಿರದೆ ಇಳಿಜಾರಾಗುವಂತೆ ಉಜ್ಜಿ. ಎಳೆ ಕಾಣುವ ಕಡೆ ನೀರು ಮುಟ್ಟಿಸದೆ ಒಣಗಿದಂತೆಯೇ ಉಜ್ಜಬೇಕು. ಆ ಧೂಳಿನಲ್ಲಿ ಗಾಜಿನ ಪುಡಿ ಇರುತ್ತದೆ. ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ ಬೇಕು. ಮೈಗೆ ತಾಗಿದರೆ ತುರಿಸದೆ ತಣ್ಣೀರಿನಲ್ಲಿ ತೊಳೆಯಿರಿ.

ಬಣ್ಣ ಮಾತ್ರ ಹೋದ ಕಡೆ ಹುಡುಗರ ಚಿತ್ರಕಲೆಯ ಸಣ್ಣ ಕುಂಚದಿಂದಲೋ ಚೂಪು ಮಾಡಿದ ಬೆಂಕಿಕಡ್ಡಿಯಿಂದಲೋ ಒಂದು ಹನಿ ಪ್ರೈಮರ್ ಇಟ್ಟು ಒಣಗಲು ಬಿಡಿ. ಅನಂತರ ಬಣ್ಣ. ಒಂದೇ ಸಲ ದಪ್ಪಗೆ ತುಂಬಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿ ಉಳಿಯುತ್ತದೆ. ತೆಳುವಾಗಿ ನಾಲ್ಕೈದು ಸಲ, ಪ್ರತಿಸಲವೂ ಒಣಗಿದ ಮೇಲೆ ಇಟ್ಟು, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಎತ್ತರ ಬರುವಂತೆ ಮಾಡಿ. ಒಂದು ವಾರ ಬಿಟ್ಟು, 1500 ಅಥವಾ 2000 ನಂಬರಿನ ಪೇಪರನ್ನು ಸೋಪಿನ ನೀರಿನಲ್ಲಿ ನೆನೆಸಿ ಆ ಉಬ್ಬನ್ನಷ್ಟೇ ಮಟ್ಟ ಮಾಡಿ, ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ತನ್ನಿ. ಮೇಣದ ಪಾಲಿಷಿಗೆ ಒಂದು ತಿಂಗಳು ಕಾಯುವುದು ಮೇಲು.

ಜೆಲ್‌ಕೋಟ್ ಹೋದ ಗುಳಿಗೆ ಬಣ್ಣ ತುಂಬಿ ಪ್ರಯೋಜನವಿಲ್ಲ. 80 ಅಥವಾ 120 ನಂಬರಿನ ಪೇಪರಿನಿಂದ ಗುಳಿಯ ಒಳಗನ್ನು ಒರಟು ಮಾಡಿ ಜೆಲ್‌ಕೋಟನ್ನೋ ಎಪಾಕ್ಸಿಯನ್ನೋ ತುಂಬಬೇಕು. ಹಳೆಯ ಮೈಗೆ ಎಪಾಕ್ಸಿ ಗಟ್ಟಿಯಾಗಿ ಹಿಡಿಯುತ್ತದೆಂಬುದು ನಿಜ. ಆದರೆ ಒಮ್ಮೆ ಎಪಾಕ್ಸಿ ಹಾಕಿದ ಮೇಲೆ ಅದರ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಕೂರುವುದಿಲ್ಲ, ಪ್ರೈಮರ್ ಬಣ್ಣಕ್ಕೇ ಹೋಗಬೇಕು. ಜೆಲ್‌ಕೋಟ್ ಗಾಳಿ ತಗುಲಿದ ಕಡೆ ಅಂಟಂಟಾಗಿ ಉಳಿಯುವ ಗುಣದ್ದು. ತುಂಬಿದ ಗುಳಿಯ ಮೇಲೆ ಸೆಲ್ಲೋ ಟೇಪು ಎಳೆದು ಅಂಟಿಸಿದರೆ ಗಾಳಿಯೂ ತಪ್ಪಿತು, ಮಟ್ಟವೂ ಬಂದಿತು. ಮಾರನೆಯ ದಿನ ಟೇಪು ಕಿತ್ತು ಉಜ್ಜಬಹುದು.

ಇಲ್ಲೊಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ರಾಳದ ಅಂಗಡಿಯಲ್ಲಿ ಮೂರು ಸಾಮಾನು ಕೊಡುತ್ತಾರೆ: ರಾಳ, ನೇರಳೆ ಬಣ್ಣದ ಕೋಬಾಲ್ಟ್ ದ್ರವ, ನೀರಿನಂತಿರುವ ಹಾರ್ಡನರ್. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಬೆರೆಸಿದರೆ ಕುದಿದು ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರಾಳಕ್ಕೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್ ಹಾಕತಕ್ಕದ್ದು. ಹಾರ್ಡನರ್ ತೂಕಕ್ಕೆ ನೂರಕ್ಕೆ ಒಂದರಿಂದ ಎರಡು ಪಾಲು ಸಾಕು. ಬೇಗ ಒಣಗಲೆಂದು ಹೆಚ್ಚು ಸುರಿದರೆ ಬಿರುಕು ಬಿಡುತ್ತದೆ. ಅದರ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕೂಡಲೇ ಕಾಲು ಗಂಟೆ ಬಿಡದೆ ನೀರು ಹಾಕಿ, ತಡಮಾಡದೆ ಡಾಕ್ಟರಲ್ಲಿಗೆ ಹೋಗಬೇಕು.

ಚಕ್ಕೆಯ ಸುತ್ತ ಜೇಡರ ಬಲೆಯಂತೆ ಗೆರೆಗಳು ಹರಡಿದ್ದರೆ ಅದು ಚಕ್ಕೆಯಲ್ಲ, ಪೆಟ್ಟು. ಚಕ್ರದ ಕಮಾನಿನ ಒಳಗಿನಿಂದ ಕಲ್ಲು ಹೊಡೆದಾಗ, ಬಾನೆಟ್ಟನ್ನು ಮಂಡಿಯಿಂದ ಒತ್ತಿ ಮುಚ್ಚಿದಾಗ ಇಂಥದ್ದಾಗುತ್ತದೆ. ಮೇಲಿನಿಂದ ಎಷ್ಟು ಪುಟ್ಟಿ ಬಳಿದರೂ ಮೈ ಅಲುಗಿದ ಕೂಡಲೇ ಗೆರೆ ಮತ್ತೆ ಕಾಣುತ್ತದೆ. ಹಿಂದುಗಡೆಯಿಂದ ಚಾಪೆ ಮತ್ತು ರಾಳ ಹಾಕಿ ಬಲಪಡಿಸಿದ ಮೇಲೆಯೇ ಮುಂದಿನ ಕೆಲಸ. ಅದನ್ನು ಫೈಬರ್ ಕೆಲಸ ಬಲ್ಲವರಿಗೆ ಬಿಡಿ. ಜಲ್ಲಿ ರಸ್ತೆಯಲ್ಲಿ ಓಡಾಡುವವರು ನಾಲ್ಕು ಚಕ್ರಕ್ಕೂ ಮಡ್ ಫ್ಲಾಪು ಹಾಕಿಸಿಕೊಂಡರೆ ಚಕ್ರದ ಹಿಂದಿನ ಚಕ್ಕೆಗಳು ಎಷ್ಟೋ ಕಡಿಮೆಯಾಗುತ್ತವೆ.

ಬಣ್ಣ ಹೊಂದಿಸುವುದೇ ಎಲ್ಲಕ್ಕಿಂತ ಕಷ್ಟ. ಹಳೆಯ ಬಣ್ಣ ಯಾವ ಜಾತಿಯದೆಂದು ನೋಡಲು ಮರೆಯಾದ ಕಡೆ ತಿನ್ನರಿನ ಬಟ್ಟೆಯಿಂದ ಒಮ್ಮೆ ಒರೆಸಿ. ಬಣ್ಣ ಬಟ್ಟೆಗೆ ಬಂದರೆ ಹಳೆಯ ಎನ್.ಸಿ. ಬಣ್ಣ, ಸುಕ್ಕುಗಟ್ಟಿದರೆ ಎನಾಮೆಲ್, ಏನೂ ಆಗದಿದ್ದರೆ ಈಚಿನ ಎರಡು ಡಬ್ಬಿಯ ಬಣ್ಣ. ಎನಾಮೆಲಿನ ಮೇಲೆ ಎನ್.ಸಿ. ಇಟ್ಟರೆ ಕೆಳಗಿನದು ಎದ್ದುಬರುತ್ತದೆ. ಬಿಸಿಲಿಗೆ ಮಾಸಿದ ಕಾರಿಗೆ ಡಬ್ಬಿಯ ನಂಬರು ನೋಡಿ ತಂದ ಬಣ್ಣ ಹೊಂದುವುದಿಲ್ಲ. ರಟ್ಟಿನ ಮೇಲೆ ಹಚ್ಚಿ, ಒಣಗಿಸಿ, ಟ್ಯೂಬ್‌ಲೈಟಿನಲ್ಲಲ್ಲ, ಹಗಲು ಬೆಳಕಿನಲ್ಲಿ ಕಾರಿನ ಪಕ್ಕ ಹಿಡಿದು ನೋಡಬೇಕು. ಬಿಳಿಯ ಕಾರಿನವರು "ಬಿಳಿ ತಾನೆ" ಎಂದುಕೊಳ್ಳುವುದು ಬೇಡ, ಬಿಳಿಯಲ್ಲಿ ಇರುವಷ್ಟು ಭೇದ ಬೇರೆ ಬಣ್ಣದಲ್ಲಿಲ್ಲ.

ಇನ್ನು ಕಾಲ. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದು ಮಳೆ ಹಿಡಿಯುವುದಕ್ಕೆ ಮೊದಲು, ಇದೂ ಅಷ್ಟೆ. ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳು ಎಲ್ಲದಕ್ಕಿಂತ ಅನುಕೂಲ. ಬೆಳಗಿನ ಇಬ್ಬನಿ, ಸಂಜೆಯ ತಂಪಿನಲ್ಲಿ ಎನ್.ಸಿ. ಬಣ್ಣ ಹಾಲಿನಂತೆ ಬೆಳ್ಳಗಾಗಿಬಿಡುತ್ತದೆ, ಆದಕಾರಣ ಹತ್ತು ಗಂಟೆಯಿಂದ ಮೂರು ಗಂಟೆಯೊಳಗೆ ಕೆಲಸ ಮುಗಿಸಿ.

ಸ್ಥಳದ ವಿಷಯದಲ್ಲಿ ಕಾರ್ಯದರ್ಶಿಯಾಗಿ ಒಂದು ಮಾತು. ಖಾಲಿ ಇದೆಯೆಂದು ಕಾಫಿ ಗೋದಾಮಿನಲ್ಲಿ ಈ ಕೆಲಸ ಮಾಡಬೇಡಿ. ಕಾಫಿ ಬೀಜ ಪಕ್ಕದಲ್ಲಿದ್ದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆಂಬುದು ತಮಗೆ ತಿಳಿದದ್ದೇ. ತಿನ್ನರಿನ, ರಾಳದ ವಾಸನೆ ಪಾರ್ಚ್‌ಮೆಂಟಿಗೆ ಹಿಡಿದರೆ ಬಟ್ಟಲಿನ ರುಚಿಯಲ್ಲಿ ಸಿಕ್ಕಿಬೀಳುತ್ತದೆ. ಬೆಲೆ ಇಳಿದ ಮೇಲೆ ಸಂಘಕ್ಕೆ ಬಂದು ಜಗಳವಾಡಿ ಫಲವಿಲ್ಲ. ಗಾಳಿಯಾಡುವ ಕಾರ್ ಶೆಡ್ಡೇ ಸರಿ, ಬೀಡಿ ಸೇದುವವರು ದೂರ. ಉಳಿದ ಬಣ್ಣವನ್ನು ಕುತ್ತಿಗೆಯವರೆಗೆ ತುಂಬುವ ಸಣ್ಣ ಸೀಸೆಗೆ ಬಗ್ಗಿಸಿ, ಬಿಗಿಯಾಗಿ ಮುಚ್ಚಿ, ನಂಬರು ಮತ್ತು ತಾರೀಖು ಬರೆದ ಚೀಟಿ ಅಂಟಿಸಿಡಿ. ಅರ್ಧ ಖಾಲಿ ಡಬ್ಬಿಯಲ್ಲಿಟ್ಟ ಬಣ್ಣ ಮುಂದಿನ ಚಕ್ಕೆ ಏಳುವ ಹೊತ್ತಿಗೆ ಕೆನೆಗಟ್ಟಿ ಹೋಗಿರುತ್ತದೆ.