ಸೋರುತ್ತಿರುವುದು ಜಲಜನಕ, ಡ್ಯಾಮಿನ ನೀರಲ್ಲ

ಭೂಮಿಯಿಂದ ಪ್ರತಿ ಸೆಕೆಂಡಿಗೆ ಸುಮಾರು 3 ಕಿಲೋ ಜಲಜನಕ ಬಾಹ್ಯಾಕಾಶಕ್ಕೆ ಹೋಗುತ್ತಿದೆ. ಹೋದದ್ದು ಮರಳುವುದಿಲ್ಲ. ಈ ಒಂದು ನಿಜದ ಸುತ್ತ ಗಾದಿಗನೂರು, ಹೊಸಪೇಟೆ ಕಡೆಯ ನಾವೆಲ್ಲ ಅರ್ಧ ಕೇಳಿದ್ದು, ಅರ್ಧ ಊಹಿಸಿದ್ದು ಸೇರಿಸಿ ಎಷ್ಟೋ ಮಾತು ನಂಬಿಕೊಂಡಿದ್ದೇವೆ.

ತಪ್ಪು ಕಲ್ಪನೆ: ಬೇಸಿಗೆಯಲ್ಲಿ ತುಂಗಭದ್ರಾ ಡ್ಯಾಮಿನಿಂದ ಆವಿಯಾದ ನೀರು ಏರುತ್ತ ಏರುತ್ತ ಭೂಮಿಯನ್ನೇ ಬಿಟ್ಟು ಹೋಗುತ್ತದೆ.

ವಾಸ್ತವ: ಆವಿಯಾಗುವುದು ನಿಜ, ಭೂಮಿ ಬಿಡುವುದು ಸುಳ್ಳು. ನಮ್ಮ ನೆತ್ತಿಯ ಮೇಲೆ 16–17 ಕಿ.ಮೀ. ಎತ್ತರದಲ್ಲಿ ಗಾಳಿ ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗಿರುತ್ತದೆ. ಆವಿ ಅಷ್ಟು ಎತ್ತರ ಮುಟ್ಟುವ ಮೊದಲೇ ಹನಿಯಾಗಿ, ಹಿಮವಾಗಿ ಕೆಳಗಿಳಿಯುತ್ತದೆ. ಆ ಚಳಿಯ ಪದರದ ಆಚೆಯ ಗಾಳಿಯಲ್ಲಿ ನೀರಾವಿ ಹತ್ತು ಲಕ್ಷಕ್ಕೆ ಕೆಲವೇ ಭಾಗ. ನೀರಿನೊಳಗಿನ ಜಲಜನಕ ಈಗಿನ ವೇಗದಲ್ಲೇ ಸೋರುತ್ತಿದ್ದರೂ ಸಮುದ್ರಗಳೆಲ್ಲ ಬರಿದಾಗಲು ಒಂದು ಲಕ್ಷ ಕೋಟಿ ವರ್ಷಕ್ಕೂ ಹೆಚ್ಚು ಬೇಕು. ಡ್ಯಾಮಿನ ಸಾಮರ್ಥ್ಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿರುವುದು ಹೂಳಿನಿಂದ. ಚಿಂತೆ ಮಾಡಬೇಕಾದದ್ದು ಅದರ ಬಗ್ಗೆ.

ತಪ್ಪು ಕಲ್ಪನೆ: ಜಲಜನಕ ಹಗುರ, ಆದ್ದರಿಂದ ಬಲೂನಿನ ಹಾಗೆ ತೇಲಿಕೊಂಡು ಹೊರಗೆ ಹೋಗುತ್ತದೆ.

ವಾಸ್ತವ: ಬಲೂನು ಏರುವುದು ಸುತ್ತಲಿನ ಗಾಳಿ ಅದಕ್ಕಿಂತ ಭಾರವಾಗಿರುವುದರಿಂದ. ಗಾಳಿ ತೆಳುವಾದ ಕಡೆ ಅದು ನಿಲ್ಲುತ್ತದೆ. ನೆಲದ ಹತ್ತಿರ ಸೇರಿದ ಜಲಜನಕದ ಬಹುಪಾಲನ್ನು ಮಣ್ಣಿನ ಸೂಕ್ಷ್ಮಜೀವಿಗಳು ಒಂದೆರಡು ವರ್ಷದಲ್ಲಿ ತಿಂದು ಮುಗಿಸುತ್ತವೆ. ಭೂಮಿ ಬಿಡಲು ಬೇಕಾದದ್ದು ವೇಗ: ಸೆಕೆಂಡಿಗೆ ಸುಮಾರು 11 ಕಿ.ಮೀ. ಮೇಲಕ್ಕೆ ನುಸುಳಿದ ಅಷ್ಟಿಷ್ಟು ನೀರಾವಿಯನ್ನೂ ಮೀಥೇನನ್ನೂ ಸೂರ್ಯನ ನೇರಳಾತೀತ ಕಿರಣ ಒಡೆಯುತ್ತದೆ, ಜಲಜನಕದ ಪರಮಾಣುಗಳು ಬಿಡಿಯಾಗುತ್ತವೆ. 500 ಕಿ.ಮೀ. ಎತ್ತರದ ಆಚೆ ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಅಪರೂಪ. ಅಲ್ಲಿನ ಕಾವಿಗೆ ಅವುಗಳ ಸಾಮಾನ್ಯ ವೇಗ ಸೆಕೆಂಡಿಗೆ ನಾಲ್ಕೈದು ಕಿ.ಮೀ. ಆದರೆ ಎಲ್ಲವೂ ಸಮ ಓಡುವುದಿಲ್ಲ; 11 ದಾಟಿದ ಕೆಲವು ಹೊರಟೇಹೋಗುತ್ತವೆ. ಇನ್ನು ಕೆಲವಕ್ಕೆ ವಿದ್ಯುದಾವೇಶದ ಕಣಗಳಿಂದ ಆ ವೇಗ ಸಿಗುತ್ತದೆ. ಆಮ್ಲಜನಕದ ಪರಮಾಣು 16 ಪಟ್ಟು ಭಾರ, ವೇಗ ಕಾಲುಭಾಗ. ಅದು ಉಳಿಯುತ್ತದೆ.

ತಪ್ಪು ಕಲ್ಪನೆ: ರಾಕೆಟ್ ಹಾರಿ ಆಕಾಶಕ್ಕೆ ತೂತು ಬೀಳುತ್ತದೆ, ಓಜೋನ್ ರಂಧ್ರದಿಂದ ಗಾಳಿ ಸೋರುತ್ತದೆ.

ವಾಸ್ತವ: ಗಾಳಿಯನ್ನು ಹಿಡಿದಿಟ್ಟಿರುವುದು ಗುರುತ್ವಾಕರ್ಷಣೆ, ಯಾವ ಮುಚ್ಚಳವೂ ಅಲ್ಲ. ಮುಚ್ಚಳವಿಲ್ಲದ ಮೇಲೆ ತೂತೆಲ್ಲಿ? ಓಜೋನ್ ರಂಧ್ರವೆಂದರೆ ಓಜೋನ್ ತೀರ ಕಡಿಮೆಯಾದ ಪ್ರದೇಶ, ಅಷ್ಟೇ.

ತಪ್ಪು ಕಲ್ಪನೆ: ಮಂಗಳ ಮೊದಲಿನಿಂದಲೂ ಒಣ ಗ್ರಹ, ಮಂಗಳಯಾನ ಹೋದದ್ದು ಫೋಟೊ ತೆಗೆಯಲು.

ವಾಸ್ತವ: 2013ರ ನವೆಂಬರ್ 5ರಂದು ಹೊರಟ ಆ ನೌಕೆಯಲ್ಲಿ ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲೇ ತಯಾರಾದ ಲೈಮನ್ ಆಲ್ಫಾ ಫೋಟೋಮೀಟರ್ ಎಂಬ ಉಪಕರಣ ಇತ್ತು. ಮಂಗಳದ ಮೇಲ್ಪದರದಲ್ಲಿ ಸಾಮಾನ್ಯ ಜಲಜನಕಕ್ಕೂ ಅದರ ಎರಡು ಪಟ್ಟು ಭಾರದ ಡ್ಯುಟೀರಿಯಂಗೂ ಇರುವ ಪ್ರಮಾಣ ತಿಳಿಯುವುದು ಅದರ ಕೆಲಸ. ಅಲ್ಲೂ ನೀರು ಒಡೆದು ಜಲಜನಕ ಬಾಹ್ಯಾಕಾಶಕ್ಕೆ ಸೋರುತ್ತದೆ; ಹಗುರವಾದದ್ದು ಹೆಚ್ಚು ಹೋದಷ್ಟೂ ಭಾರದ್ದರ ಪಾಲು ಏರುತ್ತದೆ. ಮಂಗಳದಲ್ಲಿ ಆ ಪಾಲು ಭೂಮಿಯದರ ಐದಾರು ಪಟ್ಟು, ಶುಕ್ರನಲ್ಲಿ ನೂರು ಪಟ್ಟಿಗೂ ಮಿಕ್ಕು. ಎರಡೂ ಕಡೆ ಒಂದು ಕಾಲಕ್ಕೆ ನೀರು ಈಗಿನದಕ್ಕಿಂತ ಬಹಳ ಹೆಚ್ಚಿತ್ತು ಎನ್ನಲು ಇದೇ ಬಲವಾದ ಸಾಕ್ಷಿ.

ತಪ್ಪು ಕಲ್ಪನೆ: ಗಾಳಿಯಲ್ಲಿ ಆಮ್ಲಜನಕ ತುಂಬಿದ್ದು ಗಿಡಮರಗಳಿಂದ ಮಾತ್ರ, ಜಲಜನಕ ಹೋದದ್ದು ಬರೀ ನಷ್ಟ.

ವಾಸ್ತವ: ಹಸಿರು ಜೀವಿ ಆಮ್ಲಜನಕ ಬಿಡುತ್ತದೆ, ಸತ್ತು ಕೊಳೆಯುವಾಗ ಹೆಚ್ಚುಕಡಿಮೆ ಅಷ್ಟನ್ನೂ ಮರಳಿ ತೆಗೆದುಕೊಳ್ಳುತ್ತದೆ. ಹಾಗಾದರೆ ಮಿಕ್ಕದ್ದು ಹೇಗೆ? ಸಂಡೂರಿನ ಬೆಟ್ಟಗಳನ್ನೇ ನೋಡಿ. ಗಾದಿಗನೂರಿನ ಹಳಿಗಳ ಮೇಲೆ ಸಾಗುವ ಕಬ್ಬಿಣದ ಅದಿರಿನ ಪದರಗಳು ಸುಮಾರು 270 ಕೋಟಿ ವರ್ಷದ ಹಿಂದೆ ಸಮುದ್ರತಳದಲ್ಲಿ ಕೂತವು. ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳ ಗುರುತೂ ಅಲ್ಲಿನ ಕಲ್ಲಿನಲ್ಲಿದೆ. ಜೀವಿಗಳಿದ್ದರೂ ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಅದು ನೆಲೆ ನಿಂತದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ನಡುವೆ ಏನಾಯಿತೆಂಬುದಕ್ಕೆ 2001ರಲ್ಲಿ ಕ್ಯಾಟ್ಲಿಂಗ್, ಜಾನ್ಲೆ, ಮೆಕೇ ಎಂಬ ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಜೀವಿಗಳಿಂದ ಬಂದ ಮೀಥೇನ್ ಮೊದಲು ಹೇಳಿದ ಚಳಿಯ ಪದರದಲ್ಲಿ ಹೆಪ್ಪುಗಟ್ಟದೆ ಮೇಲೇರಿತು, ಬಿಸಿಲಿಗೆ ಒಡೆಯಿತು, ಅದರ ಜಲಜನಕ ಭೂಮಿ ಬಿಟ್ಟಿತು. ಜೊತೆಗೂಡಲು ಜಲಜನಕವಿಲ್ಲದ ಆಮ್ಲಜನಕ ಇಲ್ಲೇ ಉಳಿಯಿತು. ಆಮ್ಲಜನಕ ಮಿಗುವಲ್ಲಿ, ಸತ್ತ ಜೀವಿಗಳ ಇಂಗಾಲ ಕೊಳೆಯದೆ ಕಲ್ಲಿನಡಿ ಹೂತುಹೋದದ್ದರ ಪಾಲೆಷ್ಟು, ಜಲಜನಕ ಸೋರಿದ್ದರ ಪಾಲೆಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.