ಶಾಸನಪಾಠಗಳ ಗಣಕ ಪರಿವರ್ತನೆ: ದೋಷ ಮತ್ತು ಪರಿಷ್ಕರಣ

ಹಾಸನ ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ ಅವರ ಸಂಪಾದಕತ್ವದಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 5ನೆಯ ಸಂಪುಟವಾಗಿ 1902ರಲ್ಲಿ ಪ್ರಕಟವಾದವು. ಅಂದಿನಿಂದ ಕಟ್ಟಾಯ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಪರಿಸರದ ಸಂಶೋಧಕರಿಗೆ ಅವು ಮುಖ್ಯ ಆಕರಗಳಾಗಿವೆ. ಇಂತಹ ಶಾಸನಪಾಠಗಳನ್ನು ಒಳಗೊಂಡು 2000ರ ದಶಕದಲ್ಲಿ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚಾದ ಲೇಖನಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಉಂಟಾಗುವ ದೋಷಗಳನ್ನೂ ಅವುಗಳ ಪರಿಷ್ಕರಣವನ್ನೂ ಇಲ್ಲಿ ವಿವೇಚಿಸಲಾಗಿದೆ.

ಹಳೆಯ ಅಕ್ಷರವಿನ್ಯಾಸಗಳು ಅಕ್ಷರದ ಆಕಾರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ದಾಖಲಿಸುತ್ತವೆ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಅರ್ಕಾವೊತ್ತು ಕಾಣುವುದು ವ್ಯಂಜನದ ಬಲಕ್ಕೆ, ಉಚ್ಚಾರವಾಗುವುದು ಅದಕ್ಕಿಂತ ಮೊದಲು. ಈ ಸ್ಥಾನಪಲ್ಲಟವನ್ನು ಪರಿವರ್ತಕವು ಗಮನಿಸದಿದ್ದರೆ ‘ವಿಷ್ಣುವರ್ಧನ’ ಎಂಬುದು ‘ವಿಷ್ಣುವಧರ್ನ’ ಎಂದೂ ‘ಧರ್ಮ’ ಎಂಬುದು ‘ಧಮರ್’ ಎಂದೂ ಆಗುತ್ತದೆ.

ಎರಡನೆಯ ದೋಷ ಕಣ್ಣಿಗೆ ಕಾಣದು. ‘ಹೊಳೆನರಸೀಪುರ’ದಲ್ಲಿನ ‘ಸೀ’ ಒಂದೇ ಸ್ವರಚಿಹ್ನೆಯಾಗಿ ದಾಖಲಾಗಬಹುದು. ‘ಸಿ’ ಮತ್ತು ದೀರ್ಘಚಿಹ್ನೆ ಎಂದು ಒಡೆದೂ ದಾಖಲಾಗಬಹುದು. ಎರಡೂ ಒಂದೇ ರೀತಿ ಕಾಣುತ್ತವೆಯಾದರೂ ಸಾದಾ ಹುಡುಕಾಟದಲ್ಲಿ ಒಂದಕ್ಕೆ ಇನ್ನೊಂದು ಸಿಕ್ಕದೆ, ಊರಿನ ಉಲ್ಲೇಖವೇ ಇಲ್ಲವೆಂಬ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ. ಯೂನಿಕೋಡಿನ ಏಕರೂಪೀಕರಣ ವಿಧಾನದಿಂದ ಇದನ್ನು ಸುಲಭವಾಗಿ ನಿವಾರಿಸಬಹುದು.

ಅರ್ಕಾವೊತ್ತಿನ ದೋಷವನ್ನು ಮಾತ್ರ ಹೀಗೆ ಯಾಂತ್ರಿಕವಾಗಿ ತಿದ್ದಲಾಗದು. ಪದಾಂತ್ಯದ ‘ರ್’ ಎಲ್ಲವೂ ದೋಷವೆಂದು ಬಗೆದು ಒಮ್ಮೆಗೇ ಬದಲಿಸಿದರೆ ‘ಧಮರ್’ ಸರಿಹೋಗುತ್ತದೆ. ಆದರೆ ಹಳಗನ್ನಡದ ‘ಅವರ್’ ಎಂಬ ಶುದ್ಧರೂಪ ‘ಅರ್ವ’ ಆಗಿಬಿಡುತ್ತದೆ. ಅಂತೆಯೇ ಶಾಸನಗಳಲ್ಲಿ ರೇಫದ ಮುಂದೆ ವ್ಯಂಜನವನ್ನು ದ್ವಿತ್ವವಾಗಿ ಬರೆಯುವುದು ರೂಢಿ. ‘ಧರ್ಮ್ಮ’ ಎಂಬುದು ಪರಿವರ್ತಕದ ದೋಷವಲ್ಲ, ಲಿಪಿಕಾರನ ಕಾಲದ ಬರವಣಿಗೆಯ ಸಾಕ್ಷಿ. ಱ, ೞ ಅಕ್ಷರಗಳನ್ನು ರ, ಳ ಎಂದು ಬದಲಿಸಿದರೆ ಶಾಸನದ ಕಾಲನಿರ್ಣಯಕ್ಕೆ ನೆರವಾಗುವ ಆಧಾರವೇ ಅಳಿಯುತ್ತದೆ.

ಆದುದರಿಂದ ಮೂಲ ಕಡತದ ಪ್ರತಿಯನ್ನೂ ಅದರ ಮುದ್ರಿತ ಪುಟಗಳನ್ನೂ ಮೊದಲು ಕಾಯ್ದಿರಿಸಬೇಕು. ಹಳೆಯ ಅಕ್ಷರವಿನ್ಯಾಸದ ಭಾಗಗಳನ್ನಷ್ಟೇ ಆಯ್ದು ಪರಿವರ್ತಿಸಬೇಕು. ಇಲ್ಲವಾದರೆ ನಡುವಣ ಇಂಗ್ಲಿಷ್ ಪದಗಳು ಅರ್ಥಹೀನ ಕನ್ನಡ ಅಕ್ಷರಗಳಾಗುತ್ತವೆ. ಬಳಿಕ ಲೇಖಕರ ಗದ್ಯವನ್ನೂ ಶಾಸನಪಾಠವನ್ನೂ ಬೇರ್ಪಡಿಸಿ, ಗದ್ಯಕ್ಕೆ ಪದಪರೀಕ್ಷಕವನ್ನು ಬಳಸಬಹುದು. ಶಾಸನಪಾಠವನ್ನು ಮುದ್ರಿತ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿಯೇ ತಿದ್ದಬೇಕು. ಗಣಕದ ತಪ್ಪನ್ನು ತಿದ್ದುವುದು ಪರಿಷ್ಕರಣ. ಕಲ್ಲಿನ ಬರಹವನ್ನು ತಿದ್ದುವುದು ಆಕರಕ್ಕೆ ಎಸಗುವ ಅಪಚಾರ.